ಡಬ್ಬಿ ಟೀಚರ್ ತರಗತಿಯಲ್ಲಿ ಯಾರೂ ಕೈ ಎತ್ತುವುದಿಲ್ಲ

ಬುಧವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಗಣಿತದ ಟೀಚರ್ ಮೇಜಿನ ಮೇಲಿದ್ದ ತಗಡಿನ ಬಿಸ್ಕತ್ ಡಬ್ಬಿಯನ್ನು ಎರಡು ಸಲ ಕುಲುಕಿ, ಮುಚ್ಚಳ ತೆಗೆದು, ಒಂದು ಚೀಟಿ ಎತ್ತಿದರು.

"ಇಪ್ಪತ್ಮೂರು."

ಮೂರನೇ ಬೆಂಚಿನ ಹುಡುಗಿ ಎದ್ದು ನಿಂತಳು. ಬೋರ್ಡಿನ ಮೇಲಿದ್ದ ಪ್ರಶ್ನೆ ಇಷ್ಟೇ: ಐದರಲ್ಲಿ ಮೂರು ಭಾಗ ದೊಡ್ಡದೋ, ಏಳರಲ್ಲಿ ನಾಲ್ಕು ಭಾಗ ದೊಡ್ಡದೋ? ಟೀಚರ್ ಹುಡುಗಿಯ ಮುಖ ನೋಡಲಿಲ್ಲ. ಕಿಟಕಿಯ ಕಡೆ ತಿರುಗಿ, ಕೈಯಲ್ಲಿದ್ದ ಸೀಮೆಸುಣ್ಣದ ತುದಿಯನ್ನು ಹೆಬ್ಬೆರಳಿಗೆ ಮೆಲ್ಲಗೆ ಮುಟ್ಟಿಸುತ್ತಾ ನಿಂತರು. ಒಂದು, ಎರಡು, ಮೂರು. ಹಿಂದಿನಿಂದ ಯಾರೋ ಪಿಸುಗುಟ್ಟಿದಾಗ ತಿರುಗದೆಯೇ ಒಂದು ಬೆರಳೆತ್ತಿದರು, ಪಿಸುಮಾತು ನಿಂತಿತು. ಹತ್ತು ಮುಗಿದು ಹದಿನಾಲ್ಕಾಯಿತು.

"ಐದರಲ್ಲಿ ಮೂರು, ಟೀಚರ್."

"ಹೇಗೆ?"

"ಚೌಕ ಹಾಕಿ ನೋಡ್ದೆ."

"ಎಷ್ಟು ಹೆಚ್ಚು?"

"ಒಂದೇ ಒಂದು ಚೌಕ."

"ಕೂತ್ಕೊ. ನಿನ್ನ ಚೀಟಿ ವಾಪಸ್ ಡಬ್ಬಿಗೇ ಹೋಗ್ತಿದೆ, ನೋಡ್ಕೊ. ಇವತ್ತಿನ ಪಾಳಿ ಮುಗೀತು ಅಂತ ಕಾಲು ಚಾಚ್ಬೇಡ."

ತರಗತಿ ನಕ್ಕಿತು. ಹುಡುಗಿಯೂ ನಕ್ಕಳು.

ಆ ಶಾಲೆಯಲ್ಲಿ ಇವರನ್ನು ಮಕ್ಕಳು ಕರೆಯುವುದು ಡಬ್ಬಿ ಟೀಚರ್ ಎಂದೇ. ಇದು ಅವರಿಗೂ ಗೊತ್ತು. ಮೂವತ್ತೊಂದು ವರ್ಷದ ನೌಕರಿ, ಅದರಲ್ಲಿ ಇಪ್ಪತ್ತೆಂಟು ವರ್ಷ ಈ ಡಬ್ಬಿ. ಒಳಗೆ ಹಾಜರಿ ಸಂಖ್ಯೆ ಬರೆದ ರಟ್ಟಿನ ಚೀಟಿಗಳಿವೆ. ಉತ್ತರ ಗೊತ್ತಿದ್ದವರು ಕೈ ಎತ್ತುವ ಪದ್ಧತಿ ಇವರ ತರಗತಿಯಲ್ಲಿಲ್ಲ. ಹೊಸದಾಗಿ ಬಂದ ಮಗು ಅಭ್ಯಾಸಬಲದಿಂದ ಕೈ ಎತ್ತಿದರೆ ಪಕ್ಕದ ಮಗುವೇ ಅದನ್ನು ಹಿಡಿದು ಕೆಳಗಿಳಿಸುತ್ತದೆ.

ಹಿಂದಿನ ಬೆಂಚಿನಲ್ಲಿ ಹೊಸ ಟೀಚರ್ ಕುಳಿತು ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ಇಪ್ಪತ್ನಾಲ್ಕರ ಹರೆಯ, ತರಬೇತಿ ಮುಗಿಸಿ ಮೂರು ವಾರವಾಗಿತ್ತು. ಶುಕ್ರವಾರ ಡಬ್ಬಿ ಟೀಚರ್ ನಿವೃತ್ತಿ. ಸೋಮವಾರದಿಂದ ಈ ಕೋಣೆ, ಈ ಬೋರ್ಡು, ಈ ನಲವತ್ತೊಂದು ಮಕ್ಕಳು ಹೊಸ ಟೀಚರ್ ಪಾಲಿಗೆ. ಮೂರು ವಾರದಲ್ಲಿ ಅವರ ಪುಸ್ತಕ ಅರ್ಧ ತುಂಬಿತ್ತು. ಗಂಟೆ ಹೊಡೆಯುವ ಮೊದಲೇ ಕೋಣೆಯಲ್ಲಿರುವುದು. ಮೊದಲ ವಾರದೊಳಗೆ ಎಲ್ಲರ ಹೆಸರು, ಯಾರಿಗೆ ಬೋರ್ಡು ಸರಿಯಾಗಿ ಕಾಣುವುದಿಲ್ಲ, ಯಾರಿಗೆ ಒಂದು ಕಿವಿ ಮಂದ ಎಂಬುದನ್ನೆಲ್ಲ ತಿಳಿದುಕೊಳ್ಳುವುದು. ಈ ದಿನದ ನೋಟ್ ಪುಸ್ತಕ ಈ ದಿನವೇ ತಿದ್ದುವುದು. ಗೊತ್ತಿಲ್ಲದ್ದನ್ನು ಕೇಳಿದರೆ "ಗೊತ್ತಿಲ್ಲ, ನಾಳೆ ನೋಡ್ಕೊಂಡು ಬಂದು ಹೇಳ್ತೀನಿ" ಎಂದು ಹೇಳುವುದು, ಮರುದಿನ ಮರೆಯದೆ ಹೇಳುವುದು. ಮೇಜಿನ ಎಡ ಖಾನೆಯಲ್ಲಿ ಆರು ಪೆನ್ಸಿಲ್ ಕೆತ್ತಿ ಇಟ್ಟಿರುವುದು. ತೆಗೆದುಕೊಂಡವರು ಯಾರೆಂದು ಕೇಳದಿರುವುದು.

ಗಂಟೆ ಹೊಡೆದು ಮಕ್ಕಳು ಹೊರಗೆ ಓಡಿದ ಮೇಲೆ ಹೊಸ ಟೀಚರ್ ಬಂದು ಬೋರ್ಡಿನ ಮುಂದೆ ನಿಂತರು. ಉತ್ತರ ಬಂದ ಮೇಲೆ ಟೀಚರ್ ಬರೆದು ತೋರಿಸಿದ್ದ ದೊಡ್ಡ ಚೌಕಟ್ಟು ಅಲ್ಲಿತ್ತು: ಅಡ್ಡಕ್ಕೆ ಐದು ಮನೆ, ಉದ್ದಕ್ಕೆ ಏಳು ಮನೆ, ಒಟ್ಟು ಮೂವತ್ತೈದು ಚೌಕ. ಐದು ಕಂಬಸಾಲಿನಲ್ಲಿ ಮೂರನ್ನು ತುಂಬಿದರೆ ಇಪ್ಪತ್ತೊಂದು ಚೌಕ. ಏಳು ಅಡ್ಡಸಾಲಿನಲ್ಲಿ ನಾಲ್ಕನ್ನು ತುಂಬಿದರೆ ಇಪ್ಪತ್ತು. ಒಂದು ಚೌಕದ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

"ಮೇಡಂ, ಇದು ಯಾವ ಪುಸ್ತಕದಲ್ಲಿದೆ? ನಮ್ಮ ತರಬೇತೀಲಿ ಹೇಳೇ ಇಲ್ಲ."

"ಪುಸ್ತಕದ್ದಲ್ಲಮ್ಮಾ. ಒಬ್ಬಳು ವಿದ್ಯಾರ್ಥಿನಿದು."

"ಯಾರು ಮೇಡಂ? ದೊಡ್ಡ ಗಣಿತಜ್ಞೆ ಆಗಿರ್ಬೇಕು ಈಗ."

ಟೀಚರ್ ಬೋರ್ಡು ಒರೆಸತೊಡಗಿದರು. "ಆ ಕಡೆ ಕಿಟಕಿ ಹಾಕಿಬಿಡು. ಧೂಳು ಬರುತ್ತೆ" ಎಂದರು.

ಆ ವಿದ್ಯಾರ್ಥಿನಿ ಗಣಿತಜ್ಞೆ ಆಗಿಲ್ಲ. ಶಾಲೆಯ ಗೇಟಿನಿಂದ ಎರಡು ಬೀದಿ ಆಚೆ, ಔಷಧದಂಗಡಿಯ ಪಕ್ಕದ ಕಿರಿದಾದ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾರೆ. ವಯಸ್ಸು ನಲವತ್ತು. ಇದೇ ಶಾಲೆಯ ಸಮವಸ್ತ್ರಗಳನ್ನು ಹೊಲಿಯುವವರು ಅವರೇ. ಅಂಗಡಿಗೆ ಬೋರ್ಡಿದ್ದರೂ ಆ ಹೆಸರು ಹಿಡಿದು ಯಾರೂ ಕೇಳುವುದಿಲ್ಲ, "ಎಡಗೈ ಅಕ್ಕನ ಅಂಗಡಿ ಎಲ್ಲಿ?" ಎಂದರೆ ಔಷಧದಂಗಡಿಯವನು ಗೋಣು ಎತ್ತದೆಯೇ ದಾರಿ ತೋರಿಸುತ್ತಾನೆ. ಮೊದಲ ಸಲ ಬಂದ ಗಿರಾಕಿಗಳು ಆಕೆ ಬಟ್ಟೆ ಕತ್ತರಿಸುವುದನ್ನು ಕುತೂಹಲದಿಂದ ನೋಡುತ್ತಾರೆ. ಆಕೆ ಕತ್ತರಿ ಹಿಡಿಯುವುದು ಬಲಗೈಯಲ್ಲಿ. ಬರೆಯುವುದೂ ಬಲಗೈಯಲ್ಲಿ. ಹಾಗಾದರೆ ಆ ಹೆಸರು ಏಕೆ ಎಂದು ಕೇಳಿದರೆ "ಸ್ಕೂಲಲ್ಲಿ ಇಟ್ಟಿದ್ದು" ಎನ್ನುತ್ತಾರೆ, ಅಷ್ಟೇ.

ಆ ಹೆಸರು ಹುಟ್ಟಿದ ದಿನ ಡಬ್ಬಿ ಟೀಚರ್‌ಗೆ ಇನ್ನೂ ಡಬ್ಬಿ ಇರಲಿಲ್ಲ. ನೌಕರಿಗೆ ಸೇರಿ ಮೂರನೇ ವರ್ಷ. ಇನ್‌ಸ್ಪೆಕ್ಟರ್ ತಪಾಸಣೆಗೆ ಬರುವವರಿದ್ದರು. ಹಿರಿಯ ಸಹೋದ್ಯೋಗಿಯೊಬ್ಬರು ಅವರನ್ನು ಪಕ್ಕಕ್ಕೆ ಕರೆದು ಒಂದು ಉಪಾಯ ಹೇಳಿಕೊಟ್ಟರು. ಆ ಕಾಲದಲ್ಲಿ ಬಹಳ ಟೀಚರ್‌ಗಳಿಗೆ ಗೊತ್ತಿದ್ದ ಉಪಾಯವೇ ಅದು. ಪ್ರಶ್ನೆ ಕೇಳಿದ ಕೂಡಲೇ ಎಲ್ಲರೂ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಇನ್‌ಸ್ಪೆಕ್ಟರ್ ಕಣ್ಣಿಗೆ ಕೈಗಳ ಕಾಡು ಕಾಣುತ್ತದೆ. ಟೀಚರ್ ಬಲಗೈಯವರನ್ನಷ್ಟೇ ಎಬ್ಬಿಸುತ್ತಾರೆ.

ಹಿಂದಿನ ದಿನ ಅರ್ಧ ಗಂಟೆ ಇದರ ಅಭ್ಯಾಸ ನಡೆಯಿತು. ಯಾರು ಯಾವ ಕೈಯವರು ಎಂಬುದು ಟೀಚರ್ ತಲೆಯಲ್ಲಿ ಮೊದಲೇ ಇತ್ತು. ಕಿಟಕಿ ಪಕ್ಕದ ಆ ಹುಡುಗಿ, ಹನ್ನೆರಡು ವರ್ಷದವಳು, ಎಡಗೈ ಗುಂಪು. ಅವಳು ಮಾತಿನಲ್ಲಿ ನಿಧಾನ. ಪ್ರಶ್ನೆ ಕೇಳಿದರೆ ಬಾಯಿ ತೆರೆಯುವಷ್ಟರಲ್ಲಿ ಇನ್ನೊಬ್ಬರು ಹೇಳಿ ಮುಗಿಸಿರುತ್ತಿದ್ದರು. ಅವಳಿಗಾಗಿ ಕಾಯಬೇಕೆಂದು ಟೀಚರ್‌ಗೆ ಯಾವತ್ತೂ ಅನಿಸಿರಲಿಲ್ಲ.

ಮೊದಲ ನಾಲ್ಕು ಪ್ರಶ್ನೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡೆದುಹೋದವು. ಐದನೆಯದನ್ನು ಇನ್‌ಸ್ಪೆಕ್ಟರ್ ತಾವೇ ಎದ್ದು ಬೋರ್ಡಿನ ಮೇಲೆ ಬರೆದರು: ಐದರಲ್ಲಿ ಮೂರು, ಏಳರಲ್ಲಿ ನಾಲ್ಕು, ಯಾವುದು ದೊಡ್ಡದು? ತರಗತಿಯಲ್ಲಿ ಎರಡೇ ಬಲಗೈ ಮೇಲೆದ್ದವು. ಒಂದು ಮೊದಲ ಬೆಂಚಿನ ಜಾಣನದು. ಅವನನ್ನು ಎಬ್ಬಿಸಿದರು. "ಏಳರಲ್ಲಿ ನಾಲ್ಕು, ಸಾರ್. ಮೂರಕ್ಕಿಂತ ನಾಲ್ಕು ದೊಡ್ಡದು, ಐದಕ್ಕಿಂತ ಏಳು ದೊಡ್ಡದು" ಎಂದ. ಇನ್‌ಸ್ಪೆಕ್ಟರ್ ಮುಗುಳ್ನಕ್ಕು, "ಮತ್ತೆ ಯಾರಾದರೂ?" ಎಂದರು.

ಉಳಿದದ್ದು ಕಿಟಕಿ ಪಕ್ಕದ ಬಲಗೈ ಒಂದೇ. ಸಣಕಲು ಕೈ, ಕಿವಿಗೆ ಒತ್ತಿಕೊಂಡು ನೆಟ್ಟಗೆ ನಿಂತಿತ್ತು. ಟೀಚರ್ ನೋಡಿದರು. ಅವರಿಗೆ ಹೊಳೆದದ್ದು ಒಂದೇ: ಈ ಹುಡುಗಿ ಗಾಬರಿಯಲ್ಲಿ ಎಡ ಬಲ ಮರೆತಿದ್ದಾಳೆ.

"ಕೈ ಇಳಿಸು" ಎಂದರು. ಉತ್ತರವನ್ನು ತಾವೇ ಬೋರ್ಡಿನ ಮೇಲೆ ಬಿಡಿಸಿ ತೋರಿಸಿದರು.

ಇನ್‌ಸ್ಪೆಕ್ಟರ್ ಹೋದ ಮೇಲೆ, ಮೈ ಬೆವರು ಆರುವ ಮುನ್ನ, ತರಗತಿಯ ಎದುರಿಗೇ ಕೇಳಿದರು: "ಏನೇ, ನಿಂಗೆ ಎಡಗೈ ಯಾವ್ದು, ಬಲಗೈ ಯಾವ್ದು ಅಂತಲೂ ಗೊತ್ತಿಲ್ವಾ? ಊಟ ಯಾವ ಕೈಲಿ ಮಾಡ್ತೀಯ?"

ನಲವತ್ತು ಮಕ್ಕಳು ನಕ್ಕರು. ಮಧ್ಯಾಹ್ನದ ಬಿಡುವಿನಲ್ಲಿ ಯಾರೋ "ಏ ಎಡಗೈ, ಚೆಂಡು ಎಸಿಯೇ" ಎಂದರು. ಅಲ್ಲಿಗೆ ಹೆಸರು ನಿಂತಿತು.

ಅದೇ ಸಂಜೆ ಟೀಚರ್ ನೋಟ್ ಪುಸ್ತಕಗಳನ್ನು ತಿದ್ದಲು ಕುಳಿತರು. ಆ ಹುಡುಗಿಯ ಪುಸ್ತಕ ಕೈಜಾರಿ ಕೊನೆಯ ಪುಟಕ್ಕೆ ತೆರೆದುಕೊಂಡಿತು. ಮಕ್ಕಳು ಗೀಚುವ ಪುಟ ಅದು. ಅಲ್ಲಿ ಐದು ಮನೆ, ಏಳು ಮನೆಯ ಒಂದು ಚೌಕಟ್ಟು. ಮೂರು ಕಂಬಸಾಲು ಒಂದು ದಿಕ್ಕಿಗೆ ಗೆರೆ ಎಳೆದು ತುಂಬಿತ್ತು, ನಾಲ್ಕು ಅಡ್ಡಸಾಲು ಇನ್ನೊಂದು ದಿಕ್ಕಿಗೆ. ಕೆಳಗೆ 21, 20 ಎಂದು ಬರೆದು, 21ರ ಸುತ್ತ ಒಂದು ವೃತ್ತ. ಟೀಚರ್ ತಾವು ಯಾವತ್ತೂ ಕಲಿಸದ ವಿಧಾನ ಅದು.

ಅವರು ಆ ಪುಟವನ್ನು ಬಹಳ ಹೊತ್ತು ನೋಡಿದರು. ಪಕ್ಕದಲ್ಲಿ ಇನ್‌ಸ್ಪೆಕ್ಟರ್ ವರದಿಯ ಪ್ರತಿ ಇತ್ತು, 'ಅತ್ಯುತ್ತಮ' ಎಂದು ಬರೆದು ಸಹಿ ಮಾಡಿದ್ದು. ತರಗತಿಯ ಎದುರು ತಪ್ಪೊಪ್ಪಿಕೊಂಡರೆ ಬಲಗೈ ಎಡಗೈ ಕತೆ ಪೂರ್ತಿ ಬಿಚ್ಚಬೇಕು. ಮಕ್ಕಳು ಮನೆಯಲ್ಲಿ ಹೇಳುತ್ತಾರೆ, ಮನೆಯವರು ಬೀದಿಯಲ್ಲಿ. ಆಗವರು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ದಾರಿ ಹಿಡಿದರು. ಕೊನೆಯ ಪುಟದ ಆ ಚೌಕಟ್ಟಿನ ಪಕ್ಕದಲ್ಲಿ ಕೆಂಪು ಶಾಯಿಯ ಒಂದು ಟಿಕ್ ಹಾಕಿದರು. ಒಂದು ಮಾತೂ ಬರೆಯಲಿಲ್ಲ. ಅವಳಿಗೆ ಅರ್ಥವಾಗುತ್ತದೆ ಎಂದುಕೊಂಡರು.

ಮುಂದಿನ ವಾರ ಡಬ್ಬಿ ತಂದರು. ಆಮೇಲೆ ಹತ್ತು ಎಣಿಸುವ ಅಭ್ಯಾಸ ಬಂತು. ನೋಟ್ ಪುಸ್ತಕವನ್ನು ಕೊನೆಯ ಪುಟದಿಂದ ನೋಡುವ ಅಭ್ಯಾಸವೂ ಆಗಲೇ ಬಂದದ್ದು. ಆದರೆ ಇವೆಲ್ಲ ಮುಂದಿನ ಮಕ್ಕಳಿಗೆ ಸಿಕ್ಕವು. ಡಬ್ಬಿಯಿಂದ ಆ ಹುಡುಗಿಯ ಸಂಖ್ಯೆ ಬಂದಾಗ ಅವಳು ಎದ್ದು ನಿಲ್ಲುತ್ತಿದ್ದಳು, ನೆಲ ನೋಡುತ್ತಿದ್ದಳು. ಹತ್ತಲ್ಲ, ಮೂವತ್ತು ಎಣಿಸಿದರೂ ಮಾತು ಬರುತ್ತಿರಲಿಲ್ಲ. ಆ ವರ್ಷ ಮುಗಿದ ಮೇಲೆ ಅವಳು ಶಾಲೆಗೆ ಬರಲಿಲ್ಲ. ಮನೆಯಲ್ಲಿ ಅಮ್ಮನದೂ ಹೊಲಿಗೆ ಕೆಲಸ. ಕೈಗೊಂದು ಆಳು ಬೇಕಿತ್ತು. ಕಾರಣ ಅದೇ ಎಂದು ಟೀಚರ್ ಕೆಲವು ವರ್ಷ ತಮಗೆ ತಾವೇ ಹೇಳಿಕೊಂಡರು. ಅದು ಸುಳ್ಳೂ ಅಲ್ಲ. ಹೋಗಬೇಡ ಎಂದು ಹಟ ಹಿಡಿಯಲು ಆ ಹುಡುಗಿಗೆ ಶಾಲೆಯಲ್ಲಿ ಏನೂ ಉಳಿದಿರಲಿಲ್ಲ ಎಂಬುದೂ ಅಷ್ಟೇ ನಿಜ.

ಬುಧವಾರ ಮಧ್ಯಾಹ್ನ ಹೆಡ್‌ಮಾಸ್ಟರ್ ಸ್ಟಾಫ್ ರೂಮಿಗೆ ಬಂದು ಒಂದು ಹಾಳೆ ಕೊಟ್ಟರು. ತಲೆಬರಹ ಅವರೇ ಬರೆದಿದ್ದರು: 'ಉತ್ತಮ ಶಿಕ್ಷಕರ ಹತ್ತು ಗುಣಗಳು'. ಕೆಳಗೆ ಒಂದರಿಂದ ಹತ್ತರವರೆಗೆ ಅಂಕಿ.

"ನೀವೇ ಬರೀಬೇಕು ಟೀಚರ್. ಫ್ರೇಮ್ ಹಾಕಿಸಿ ಇಲ್ಲೇ ಗೋಡೆಗೆ ಹಾಕೋಣ. ಶುಕ್ರವಾರ ಬೀಳ್ಕೊಡುಗೇಲಿ ಓದೋಣ. ಬರೋ ತಲೆಮಾರಿಗೆ ಬೇಕಲ್ವಾ?"

"ಹತ್ತು ಇರ್ಲೇಬೇಕಾ ಸಾರ್?"

"ಒಂಬತ್ತು ಅಂದ್ರೆ ಏನೋ ಮರ್ತಿದಾರೆ ಅನ್ಸುತ್ತೆ."

ಮನೆಯಲ್ಲಿ ಊಟದ ಮೇಜಿನ ಮೇಲೆ ಒಂಬತ್ತು ಬರೆದರು. ಹತ್ತರ ಮುಂದೆ ಪೆನ್ನು ನಿಂತಿತು. ಎದ್ದು ಕೋಣೆಗೆ ಹೋಗಿ ಗಂಡನ ಕಂದು ಬಣ್ಣದ ಪ್ಯಾಂಟು ಹಿಡಿದು ಬಂದರು. ಗಂಡ ಬಸ್ ಡಿಪೋದಲ್ಲಿ ಸಮಯಪಾಲಕರಾಗಿದ್ದವರು. ನಿವೃತ್ತರಾಗಿ ಎರಡು ವರ್ಷವಾದರೂ ಗಡಿಯಾರ ನೋಡಿ ನೀರು ಕುಡಿಯುತ್ತಾರೆ.

"ಮತ್ತೆ ಆ ಅಂಗಡಿಗಾ? ಲೇ, ಆ ಪ್ಯಾಂಟನ್ನ ಮೂರು ಸಲ ಗಿಡ್ಡ ಮಾಡಿಸಿದೀಯ. ಇನ್ನೊಂದು ಸಲ ಹೋದ್ರೆ ಚಡ್ಡಿ ಆಗುತ್ತೆ."

"ಈ ಸಲ ಉದ್ದ ಮಾಡ್ಸೋಕೆ."

"ಹೇಳ್ಬೇಕಾದ್ದು ಹೇಳ್ಬಾರ್ದಾ? ಅವಳು ಅಂಗಡಿ ಇಟ್ಟಾಗಿಂದ ಪರದೆ, ಚೀಲ, ಜಿಪ್ಪು ಅಂತ ಹೊತ್ಕೊಂಡು ಹೋಗ್ತೀಯ, ಬಾಯಿ ಮುಚ್ಕೊಂಡು ವಾಪಸ್ ಬರ್ತೀಯ. ನಮ್ಮನೇಲಿ ಹರಿದಿರೋ ಬಟ್ಟೇನೇ ಇಲ್ಲ."

"ನಾಳೆ ಹೇಳ್ತೀನಿ ರೀ. ಅವಳನ್ನ ಶುಕ್ರವಾರ ಕರೀತೀನಿ. ಎಲ್ರ ಮುಂದೆ ಹೇಳ್ತೀನಿ, ಆವತ್ತು ಬಲಗೈ ಎತ್ತಿದ್ದು ಸರಿಯಾಗೇ ಇತ್ತು ಅಂತ. ಕೆಲಸದಲ್ಲಿ ಇರೋವಾಗ್ಲೇ ಹೇಳ್ಬೇಕು. ಆಮೇಲೆ ಹೇಳಿದ್ರೆ ಯಾರೋ ಅಜ್ಜಿ ಕತೆ ಆಗುತ್ತೆ."

ಗಂಡ ಪ್ಯಾಂಟನ್ನು ಮಡಚಿ ಚೀಲಕ್ಕೆ ಹಾಕಿಕೊಟ್ಟರು.

ಗುರುವಾರ ನಾಲ್ಕೂವರೆಗೆ ಅಂಗಡಿಯಲ್ಲಿ ಬೇರೆ ಗಿರಾಕಿಗಳಿರಲಿಲ್ಲ. ಹೊಲಿಗೆಯ ಅಕ್ಕ ಕಂದು ಕಾಗದದ ಮೇಲೆ ಚೌಕ ಹಾಕಿ ಅಂಗಿಯ ಅಳತೆ ಗುರುತಿಸುತ್ತಿದ್ದರು. ಬೆರಳ ತುದಿಗೆ ಸೀಮೆಸುಣ್ಣದ ಪುಡಿ ಅಂಟಿತ್ತು. ಪ್ಯಾಂಟಿನ ಕಾಲು ತಿರುವಿ ನೋಡಿದರು.

"ಇದನ್ನ ಗಿಡ್ಡ ಮಾಡಿದ್ದು ನಾನೇ ಅಲ್ವಾ ಟೀಚರ್? ಸಾರ್ ಎತ್ತರ ಆದ್ರಾ ಹೇಗೆ?"

"ಉದ್ದ ಬೇಕಂತೆ ಈಗ."

"ಒಳಗೆ ಬಟ್ಟೆ ಬಿಟ್ಟಿದೀನಿ, ಬಿಚ್ಚಬಹುದು. ಹಳೇ ಹೊಲಿಗೆ ಗೆರೆ ಮಾತ್ರ ಕಾಣುತ್ತೆ. ಪರವಾಗಿಲ್ವಾ?"

"ಪರವಾಗಿಲ್ಲ." ಟೀಚರ್ ಸ್ಟೂಲಿನ ಮೇಲೆ ಕುಳಿತರು. "ನಿನ್ನ ಹತ್ರ ಒಂದು ಮಾತಿದೆ. ಇನ್‌ಸ್ಪೆಕ್ಟರ್ ಬಂದಿದ್ದ ದಿನ ನೆನಪಿದ್ಯಾ?"

ಸೀಮೆಸುಣ್ಣದ ತುಂಡು ಕಾಗದದ ಮೇಲೆ ನಿಂತಿತು. "ನೆನಪಿದೆ."

ಟೀಚರ್ ಹೇಳಿದರು. ನಡುವೆ ನಿಲ್ಲಿಸದೆ, ನೆಪ ಸೇರಿಸದೆ ಹೇಳಿದರು: ತಾವು ಏನೆಂದುಕೊಂಡರು, ಏನು ಅಂದರು, ಕೊನೆಯ ಪುಟದಲ್ಲಿ ಏನು ಕಂಡರು. ಆ ಚೌಕದ ಲೆಕ್ಕವನ್ನು ಪ್ರತಿ ವರ್ಷ ಮಕ್ಕಳಿಗೆ ಹೇಳಿಕೊಡುತ್ತಿದ್ದೇನೆ ಎಂದರು. ಹೊಲಿಗೆಯ ಅಕ್ಕ ತಲೆ ತಗ್ಗಿಸಿ ಕೇಳಿದರು.

"ಪುಟ ಯಾವಾಗ ನೋಡಿದ್ರಿ, ಟೀಚರ್?"

"ಅವತ್ತೇ ಸಾಯಂಕಾಲ."

"ಅವತ್ತೇನಾ?"

"ಹೂಂ. ಅದಕ್ಕೇ ಟಿಕ್ ಹಾಕಿದ್ದು."

ಟೀಚರ್ ಕಾದರು. ಕಾಯುವುದು ಅವರಿಗೆ ಗೊತ್ತಿದ್ದ ಕೆಲಸ. ಹೆಬ್ಬೆರಳು ತನ್ನಷ್ಟಕ್ಕೆ ಎಣಿಸುತ್ತಿತ್ತು. ಹತ್ತು ದಾಟಿತು, ಇಪ್ಪತ್ತು ದಾಟಿತು. ಪಕ್ಕದಂಗಡಿಯ ಕಬ್ಬಿಣದ ಬಾಗಿಲು ಯಾರೋ ಸದ್ದು ಮಾಡಿ ಎಳೆದರು.

"ಟಿಕ್ ನಾನು ನೋಡ್ದೆ" ಎಂದರು ಆಕೆ ಕೊನೆಗೆ. "ಸುಮ್ನೆ ಪುಟ ತಿರುವೋವಾಗ ಹಾಕಿರ್ತೀರಿ ಅಂದ್ಕೊಂಡೆ. ನಿಮಗೆ ಅರ್ಥ ಆಗಿರ್ಲಿಲ್ಲ ಅಂತ್ಲೇ ಅಂದ್ಕೊಂಡಿದ್ದೆ ಇಷ್ಟು ವರ್ಷ. ಪಾಪ, ಟೀಚರ್‌ಗೆ ಗೊತ್ತಾಗ್ಲಿಲ್ಲ, ನಾನೂ ಬಾಯಿಬಿಟ್ಟು ಹೇಳ್ಲಿಲ್ಲ, ಇಬ್ಬರದೂ ತಪ್ಪು ಅಂತ. ಹಂಗಂದ್ಕೊಂಡ್ರೆ ಸುಲಭ ಇತ್ತು, ಟೀಚರ್."

"ತಪ್ಪಾಯ್ತಮ್ಮಾ."

"ಗೊತ್ತಿತ್ತು. ಗೊತ್ತಿದ್ದೂ ಮಾರನೇ ದಿನ ಅವ್ರೆಲ್ಲ ಎಡಗೈ ಅಂತ ಕೂಗೋವಾಗ ಕೇಳ್ಸ್ಕೊಂಡು ಕೂತಿದ್ರಿ." ದನಿ ಏರಿರಲಿಲ್ಲ. ಅಳತೆ ಓದಿ ಹೇಳುವಂತಿತ್ತು.

ಟೀಚರ್ ಮಡಿಲಲ್ಲಿದ್ದ ಖಾಲಿ ಚೀಲವನ್ನು ಮಡಚಿದರು, ಬಿಚ್ಚಿದರು. "ನಾಳೆ ಸ್ಕೂಲಿಗೆ ಬಾ. ಎಲ್ರ ಎದುರು ಹೇಳ್ತೀನಿ."

"ಯಾರ ಎದುರು? ಅವತ್ತು ನಕ್ಕವ್ರು ಯಾರಿದಾರೆ ಅಲ್ಲಿ? ಅವ್ರ ಮಕ್ಳಿದಾರೆ. ಆ ಮಕ್ಳು ನನ್ನ ಎಡಗೈ ಆಂಟಿ ಅಂತಾರೆ, ಪ್ರೀತಿಯಿಂದ್ಲೇ ಅಂತಾರೆ. ಈಗ ನಾನು ಹೋಗಿ ಎದ್ದು ನಿಂತ್ಕೋಬೇಕಾ ಮತ್ತೆ?" ಆಕೆ ಸ್ವಲ್ಪ ನಕ್ಕರು. "ಬೇಡ ಟೀಚರ್. ಹೇಳಿದ್ರೆ ನಿಮ್ಗೆ ಹಗುರ. ನಂಗೆ ಇನ್ನೊಂದ್ಸಲ ಪರೀಕ್ಷೆ."

"ಹೋಗ್ಲಿ, ಹೆಸರಾದ್ರೂ ಹೇಳ್ಲಾ? ಆ ಚೌಕದ ಲೆಕ್ಕ ನಿಂದು ಅಂತ?"

"ಇಷ್ಟು ವರ್ಷ ಏನಂತ ಹೇಳ್ತಿದ್ರಿ?"

"ಒಬ್ಬಳು ವಿದ್ಯಾರ್ಥಿನಿ ಅಂತ."

"ಅಷ್ಟೇ ಇರ್ಲಿ ಬಿಡಿ."

ಆಕೆ ಪ್ಯಾಂಟಿನ ಅಂಚಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಶಾಲೆಯ ಅರವತ್ತು ಅಂಗಿ ಮೊದಲು ಮುಗಿಸಬೇಕು, ಮಂಗಳವಾರ ಕೊಡುತ್ತೇನೆ ಎಂದರು. ಟೀಚರ್ ಬಾಗಿಲು ದಾಟುವಾಗ "ಮೆಟ್ಲು ನೋಡ್ಕೊಂಡು ಇಳೀರಿ, ಒಂದು ಅಲ್ಲಾಡುತ್ತೆ" ಎಂದರು. ಆ ಮೆಟ್ಟಿಲಿನ ವಿಷಯ ಎಲ್ಲ ಗಿರಾಕಿಗಳಿಗೂ ಹೇಳುತ್ತಾರೆ.

ಆ ರಾತ್ರಿ ಹತ್ತನೆಯದನ್ನು ಬರೆದರು: 'ಮಗುವಿನ ವಿಷಯದಲ್ಲಿ ತಪ್ಪಿದ್ದು ಯಾವತ್ತು ಗೊತ್ತಾಗುತ್ತದೋ ಅವತ್ತೇ, ಯಾರ ಎದುರು ತಪ್ಪಿದೆವೋ ಅವರ ಎದುರೇ, ಬಾಯಿಬಿಟ್ಟು ಹೇಳುವುದು.'

ಬೆಳಿಗ್ಗೆ ಹೆಡ್‌ಮಾಸ್ಟರ್ ಹಾಳೆ ಓದಿ ಕನ್ನಡಕ ಸರಿಪಡಿಸಿಕೊಂಡರು. "ಎಲ್ಲಾ ಒಂದೊಂದು ಸಾಲಿದೆ, ಇದೊಂದು ಮೂರು ಸಾಲಾಯ್ತಲ್ಲ ಟೀಚರ್. ಫ್ರೇಮಿಗೆ ಹಿಡಿಸಲ್ಲ. 'ತಪ್ಪನ್ನು ಒಪ್ಪಿಕೊಳ್ಳುವುದು' ಅಂತ ಹಾಕ್ಲಾ? ಅರ್ಥ ಒಂದೇ ಅಲ್ವಾ?"

ಟೀಚರ್ ಅವರನ್ನು ಒಂದು ಕ್ಷಣ ನೋಡಿದರು. "ಹಾಕಿ ಸಾರ್" ಎಂದರು.

ಮಧ್ಯಾಹ್ನ ಸಭಾಂಗಣದಲ್ಲಿ ಹೆಡ್‌ಮಾಸ್ಟರ್ ಹತ್ತು ಗುಣಗಳನ್ನು ಓದಿದರು, ಚಪ್ಪಾಳೆ ಬಿತ್ತು. ಟೀಚರ್ ಎರಡು ನಿಮಿಷ ಮಾತಾಡಿದರು. ಮಕ್ಕಳು ತಮಗೆ ಕಲಿಸಿದ್ದೇ ಹೆಚ್ಚು ಎಂದರು. ಅದನ್ನು ವಿನಯದ ಮಾತೆಂದು ತಿಳಿದು ಎಲ್ಲರೂ ಇನ್ನೊಮ್ಮೆ ಚಪ್ಪಾಳೆ ತಟ್ಟಿದರು.

ಕೊನೆಗೆ ಕೋಣೆಗೆ ಹೋಗಿ ಎಡ ಖಾನೆಯ ಪೆನ್ಸಿಲ್ ಎಣಿಸಿದರು. ನಾಲ್ಕಿದ್ದವು, ಇನ್ನೆರಡು ಕೆತ್ತಿ ಇಟ್ಟರು. ಡಬ್ಬಿಯನ್ನು ಹೊಸ ಟೀಚರ್ ಕೈಗೆ ಕೊಟ್ಟರು.

"ಮೇಡಂ, ಇದೊಂದು ಕೇಳ್ಬೇಕಿತ್ತು. ಮಗು ಸುಮ್ನೆ ನಿಂತಿದ್ರೆ ಎಷ್ಟು ಹೊತ್ತು ಕಾಯ್ಬೇಕು? ಹತ್ತಾ, ಹದಿನೈದಾ?"

"ಕಾಯೋದೊಂದೇ ಸಾಲ್ದಮ್ಮಾ" ಎಂದರು ಟೀಚರ್. ಮುಂದೆ ಏನೋ ಹೇಳುವವರಿದ್ದರು. ಅಷ್ಟರಲ್ಲಿ ಮಕ್ಕಳು ಹಸ್ತಾಕ್ಷರಕ್ಕೆಂದು ನೋಟ್ ಪುಸ್ತಕ ಹಿಡಿದು ಒಳಗೆ ನುಗ್ಗಿದರು. ಎಲ್ಲರೂ ಕೊನೆಯ ಪುಟವನ್ನೇ ತೆರೆದು ಹಿಡಿದಿದ್ದರು.

ಸೋಮವಾರ ಮೊದಲ ಪೀರಿಯಡ್ಡು ಹೊಸ ಟೀಚರ್‌ದು. ಪ್ಯಾಂಟು ಮಂಗಳವಾರ ಸಿದ್ಧವಾಗುತ್ತದೆ. ಅದನ್ನು ತರಲು ಗಂಡ ಹೋಗುತ್ತಾರೆ.